ನೀರು ಬರುವ ದಿನ, ಬಚ್ಚಲ ಬಾಗಿಲು

ನಡೆಯಲು ಕಲಿತ ಮಗು ಇರುವ ಮನೆಗೆ ಸಲಹೆಗಳು ನಾಲ್ಕೂ ದಿಕ್ಕಿನಿಂದ ಬರುತ್ತವೆ. ಅವುಗಳಲ್ಲಿ ಒಂದು ಮಾತ್ರ ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ: ‘ಬಾತ್‌ರೂಮಿನಲ್ಲಿ ಬಕೆಟ್ಟು ತುಂಬಿಸಿಡಬೇಡಿ.’ ಮಕ್ಕಳ ಡಾಕ್ಟರು ಹೇಳುತ್ತಾರೆ, ಫೋನಿಗೆ ಬರುವ ವಿಡಿಯೋಗಳು ಹೇಳುತ್ತವೆ, ಬೆಂಗಳೂರಿನಲ್ಲಿರುವ ನನ್ನ ನಾದಿನಿ ವಾರಕ್ಕೊಮ್ಮೆ ನೆನಪಿಸುತ್ತಾಳೆ. ಮಾತು ನೂರಕ್ಕೆ ನೂರು ಸರಿ. ಆದರೆ ಅದನ್ನು ಹೇಳುವವರ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ನಮ್ಮದು ಚಿಂತಾಮಣಿ. ಇಲ್ಲಿ ನೀರು ಬಿಡುವುದು ದಿನ ಬಿಟ್ಟು ದಿನವಲ್ಲ, ವಾರ ಬಿಟ್ಟು ವಾರ. ಬೇಸಿಗೆಯಲ್ಲಿ ಅದೂ ತಪ್ಪಿ ಟ್ಯಾಂಕರಿನವರಿಗೆ ಫೋನು ಮಾಡಿ ಕಾಯಬೇಕು. ನಮ್ಮ ಅತ್ತೆಗೆ ಆ ಸಲಹೆಯನ್ನು ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ತುಂಬಿಸಿಡಬ್ಯಾಡಿ ಅಂದ್ರೆ, ಇಡೋದೆಲ್ಲಮ್ಮ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಮನೆಗಳಲ್ಲಿ ಬಾತ್‌ರೂಮು ಅಂದರೆ ಸ್ನಾನ ಮಾಡುವ ಜಾಗ ಮಾತ್ರ ಅಲ್ಲ, ಮನೆಯ ನೀರಿನ ಉಗ್ರಾಣ. ಮೂಲೆಯಲ್ಲಿ ನೀಲಿ ಡ್ರಮ್ಮು, ಅದರ ಪಕ್ಕ ಎರಡು ಟಬ್ಬು, ಗೋಡೆಗುಂಟ ಬಕೆಟ್ಟುಗಳ ಸಾಲು, ಕಮೋಡಿಗೆ ಹಾಕಲೆಂದು ವಾಷಿಂಗ್ ಮೆಷೀನಿನಿಂದ ಹಿಡಿದಿಟ್ಟ ಸೋಪಿನ ನೀರು, ನೆಲ ಒರೆಸಲೆಂದು ಫಿಲ್ಟರಿನ ಪೈಪಿನಿಂದ ಹನಿಹನಿಯಾಗಿ ಸೇರಿದ ಉಪ್ಪುನೀರು. 1,200 ಅಡಿ, 1,500 ಅಡಿ ಬೋರು ಕೊರೆಸಿ ಧೂಳು ಕಂಡವರ ಊರಿನಲ್ಲಿ ಒಂದು ಚೊಂಬು ನೀರನ್ನೂ ಯಾರೂ ಸುಮ್ಮನೆ ಬಚ್ಚಲಿಗೆ ಚೆಲ್ಲುವುದಿಲ್ಲ. ಚೆಲ್ಲಬಾರದು ಕೂಡ. ಪಾಲಿಸಲು ಸಾಧ್ಯವೇ ಇಲ್ಲದ ಸಲಹೆಯೊಂದನ್ನು ಕೊಟ್ಟಾಗ ಜನ ಅದನ್ನಷ್ಟೇ ಬಿಟ್ಟು ಮಿಕ್ಕದ್ದನ್ನು ಪಾಲಿಸುತ್ತಾರೆ ಅಂದುಕೊಳ್ಳಬೇಡಿ. ‘ಇದೆಲ್ಲಾ ದೊಡ್ಡ ಊರಿನವರ ಮಾತು’ ಅಂತ ಇಡೀ ಪಟ್ಟಿಯನ್ನೇ ಪಕ್ಕಕ್ಕಿಡುತ್ತಾರೆ. ನನಗೆ ಸಂಕಟವಾಗುವುದು ಇಲ್ಲಿ. ಯಾಕೆಂದರೆ ನೀರು ಕೂಡಿಡಲೇಬೇಕಾದ ಮನೆಗಳಲ್ಲೇ ಮಗುವಿಗೆ ಅಪಾಯ ಹೆಚ್ಚು.

ನೀರು ಬಿಟ್ಟ ಹೊತ್ತು

ಹೊತ್ತು ಗೊತ್ತಿಲ್ಲದೆ ಬರುವ ನೀರು ನಮ್ಮದು. ಒಮ್ಮೆ ಬೆಳಗಿನ ಜಾವ, ಒಮ್ಮೆ ಮಧ್ಯಾಹ್ನ, ಒಮ್ಮೆ ರಾತ್ರಿ ಊಟಕ್ಕೆ ಕೂತಾಗ. ಬೀದಿಯ ಆ ತುದಿಯಿಂದ ಯಾರೋ “ನೀಳ್ಳು ವಚ್ಚಾಯಿ” ಅಂತ ತೆಲುಗಿನಲ್ಲಿ ಕೂಗುತ್ತಾರೆ, ಈ ತುದಿಯಿಂದ ಇನ್ಯಾರೋ “ನೀರು ಬಿಟ್ಟವ್ರೆ” ಅಂತ ಕನ್ನಡದಲ್ಲಿ ಮುಂದಕ್ಕೆ ದಾಟಿಸುತ್ತಾರೆ. ಅಲ್ಲಿಂದ ಒಂದು ಗಂಟೆ ಮನೆ ಮನೆಯಾಗಿ ಉಳಿಯುವುದಿಲ್ಲ. ಮಾವ ಸಂಪಿನ ಮುಚ್ಚಳ ತೆಗೆದು ಮಟ್ಟ ನೋಡುತ್ತಾರೆ. ಅತ್ತೆ ಹಳೇ ನೀರಿನ ತಳ ತೊಳೆದು ಟಬ್ಬುಗಳನ್ನು ಅಣಿ ಮಾಡುತ್ತಾರೆ. ನಮ್ಮ ಯಜಮಾನರು ಪೈಪು ಎಳೆದು ಮೋಟರಿಗೆ ಹೊಂದಿಸುತ್ತಾರೆ. ಮಗುವಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಪೈಪು ಹೋದ ಕಡೆಗೆಲ್ಲ ಅವನೂ ಹೋಗುತ್ತಾನೆ.

ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ನಾನು ಬಾತ್‌ರೂಮಿನ ಹೊಸಿಲ ಮೇಲೆ ಪೈಪು ಹಿಡಿದು ಕೂತಿದ್ದೆ. ಟಬ್ಬು ಅರ್ಧ ತುಂಬಿತ್ತು. ನೀರು ಬೀಳುವ ರಭಸಕ್ಕೆ ಕೆಂಪು ಮಗ್ಗು ಟಬ್ಬಿನೊಳಗೆ ಸುತ್ತು ಹೊಡೆಯುತ್ತಿತ್ತು. ಮಗ ಅದರ ಹಿಂದೆಯೇ ಟಬ್ಬಿನ ಸುತ್ತ ಸರಿದು, ಎರಡೂ ಕೈಯಿಂದ ಅಂಚು ಹಿಡಿದು ನಿಂತ. ಮಗ್ಗು ಹತ್ತಿರ ಬಂದಾಗ ಒಂದು ಕೈ ಬಿಟ್ಟ. ಸಿಗಲಿಲ್ಲ. ಇನ್ನೊಂದು ಸುತ್ತಿಗೆ ಮತ್ತೆ ಕೈ ಚಾಚಿದ. ನಾನು ಅವನ ಪಾದಗಳನ್ನೇ ನೋಡುತ್ತಿದ್ದೆ. ಮೊದಲು ಹಿಮ್ಮಡಿ ಎದ್ದಿತು. ಆಮೇಲೆ ಬೆರಳ ತುದಿ ಮಾತ್ರ ನೆಲದ ಮೇಲಿತ್ತು. ಹೊಟ್ಟೆ ಅಂಚಿಗೆ ಒರಗಿ, ಭಾರವೆಲ್ಲ ಮುಂದಕ್ಕೆ ಹೋಗಿ, ತಲೆ ನೀರಿನ ಕಡೆಗೆ ವಾಲಿತು. ಕೈಯಳತೆಯಲ್ಲೇ ಇದ್ದದ್ದರಿಂದ ಸೊಂಟ ಹಿಡಿದು ಎತ್ತಿಕೊಂಡೆ. ಏನೂ ಆಗಲಿಲ್ಲ, ಅವನು ಮಗ್ಗು ಬೇಕೆಂದು ರಚ್ಚೆ ಹಿಡಿದ ಅಷ್ಟೇ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಹಿಮ್ಮಡಿ ಎದ್ದಲ್ಲಿಂದ ತಲೆ ವಾಲುವವರೆಗೆ ಒಂದು ಉಸಿರಿನಷ್ಟು ಹೊತ್ತೂ ಆಗಲಿಲ್ಲ. ಮತ್ತೆ, ಆ ಹೊತ್ತಿನಲ್ಲಿ ಮನೆಯಲ್ಲಿ ದೊಡ್ಡವರು ನಾಲ್ಕು ಜನ ಇದ್ದೆವು. ನಾಲ್ಕೂ ಜನ ಹತ್ತು ಹೆಜ್ಜೆಯೊಳಗೆ. ಮೂವರ ಕಣ್ಣು ನೀರಿನ ಮೇಲಿತ್ತು.

ಮಗುವಿಗೆ ಏನಾದರೂ ಆದ ಮನೆಯ ಮುಂದೆ ನಿಂತು “ಒಂಚೂರು ನೋಡ್ಕಬಾರದಾ?” ಅನ್ನುವ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಆ ಮಾತು ಯಾವಾಗಲೂ ತಾಯಿಯ ಕಡೆಗೇ ತಿರುಗಿರುತ್ತದೆ. ಅದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ನೀರು ಬಂದ ಗಂಟೆಯಲ್ಲಿ ಆ ತಾಯಿಯ ಎರಡು ಕೈಗೂ ಬಕೆಟ್ಟು ಕೊಟ್ಟವರು ನಾವೇ. ಕಣ್ಣು ಬಿಟ್ಟುಕೊಂಡು ಕಾಯುವುದನ್ನು ಮಾತ್ರ ನೆಚ್ಚಿಕೊಂಡ ಮನೆಯಲ್ಲಿ ಮಗು ಕ್ಷೇಮವಾಗಿದ್ದರೆ ಅದು ದೈವ, ವ್ಯವಸ್ಥೆಯಲ್ಲ. ಬಾಗಿಲಿಗೆ ಚಿಲಕ, ಡ್ರಮ್ಮಿಗೆ ಮುಚ್ಚಳ, ಆಸಿಡ್ಡಿಗೆ ಎತ್ತರದ ಜಾಗ, ಇವು ನಿದ್ದೆ ಮಾಡುವುದಿಲ್ಲ, ಫೋನು ತೆಗೆಯಲು ಹೋಗುವುದಿಲ್ಲ.

ಅರ್ಧ ಬಕೆಟ್ಟಿನ ಲೆಕ್ಕ

ಆ ಸಂಜೆಯ ನಂತರ ನಾನು ಟೇಪು ಹಿಡಿದು ಕೂತೆ. ಒಂದೂವರೆ ವರ್ಷದ ಮಗುವಿನ ಎತ್ತರ 80 ಸೆಂಟಿಮೀಟರಿನ ಆಸುಪಾಸು, ತೂಕ 10–11 ಕಿಲೋ. ನಮ್ಮ ಮನೆಯ 20 ಲೀಟರಿನ ಬಕೆಟ್ಟಿನ ಅಂಚು ಅವನ ಹೊಟ್ಟೆಗೆ ಬರುತ್ತದೆ. ಈ ವಯಸ್ಸಿನಲ್ಲಿ ಮೈಯ ಅಳತೆಗೆ ತಲೆ ದೊಡ್ಡದು, ಭಾರವೆಲ್ಲ ಮೇಲೆಯೇ. ಬಗ್ಗಿದರೆ ತಲೆ ಕೆಳಗೆ, ಕಾಲು ಮೇಲೆ. ಕೈಯೂರಿ ಮೈಯನ್ನು ಹಿಂದಕ್ಕೆ ತಳ್ಳಿಕೊಳ್ಳುವ ಶಕ್ತಿ ಆ ತೋಳುಗಳಿಗೆ ಇನ್ನೂ ಬಂದಿರುವುದಿಲ್ಲ. ಖಾಲಿ ಬಕೆಟ್ಟಾದರೆ ಮಗುವಿನ ಜೊತೆ ತಾನೂ ಉರುಳುತ್ತದೆ, ಮಗು ಅತ್ತು ಎದ್ದೇಳುತ್ತದೆ. ಅರ್ಧ ತುಂಬಿದ ಬಕೆಟ್ಟು ಹಾಗಲ್ಲ. ತಳದಲ್ಲಿ 10 ಕಿಲೋ ನೀರು ಕೂತಿರುವುದರಿಂದ ಅದು ಅಲ್ಲಾಡುವುದಿಲ್ಲ. ಮಗುವಿನ ಮೂಗು ಬಾಯಿ ಮುಚ್ಚಲು 5 ಸೆಂಟಿಮೀಟರು ನೀರು ಸಾಕು. ಹಾಗೆ ನೋಡಿದರೆ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಬೇಕಾದದ್ದು ಸೊಂಟದೆತ್ತರದ ಡ್ರಮ್ಮಲ್ಲ, ಯಾರೋ ಸ್ನಾನ ಮಾಡಿ ಉಳಿಸಿ ಬಂದ ಆ ಅರ್ಧ ಬಕೆಟ್ಟು.

ಇನ್ನೊಂದು ವಿಷಯ ಎಲ್ಲರಿಗೂ ತಿಳಿದಿರಬೇಕು ಅಂತ ನನಗನ್ನಿಸುತ್ತದೆ. ಮುಳುಗುವ ಮಗು ಸದ್ದು ಮಾಡುವುದಿಲ್ಲ. ಕೈ ಬಡಿದು ಕೂಗುವುದೆಲ್ಲ ಸಿನಿಮಾದಲ್ಲಿ. ಬಾಯಿ ನೀರಿನೊಳಗಿದ್ದರೆ ಕೂಗು ಹೊರಡುವುದಾದರೂ ಹೇಗೆ? ನಾಲ್ಕೈದು ನಿಮಿಷ ಉಸಿರಿಲ್ಲದಿದ್ದರೆ ಮಿದುಳಿಗೆ ಪೆಟ್ಟು ಶುರುವಾಗುತ್ತದೆ. ಒಲೆಯ ಮೇಲಿನ ಒಗ್ಗರಣೆ ಮುಗಿಸಿ ಬರುವಷ್ಟು ಹೊತ್ತು ಅದು. ವಿಶ್ವ ಆರೋಗ್ಯ ಸಂಸ್ಥೆ 2024ರ ಕೊನೆಗೆ ಹೊರತಂದ ವರದಿಯ ಪ್ರಕಾರ, 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಅವರಲ್ಲಿ ಹತ್ತಿರಹತ್ತಿರ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಮುಳುಗುವುದು ಅಂದ ಕೂಡಲೇ ನಮಗೆ ಕೆರೆ, ಕೃಷಿ ಹೊಂಡ, ಕಲ್ಲು ಕ್ವಾರಿಯ ಗುಂಡಿ ಕಣ್ಣಿಗೆ ಬರುತ್ತವೆ. ಆಗತಾನೇ ನಡೆಯಲು ಕಲಿತ ಮಗು ಕೆರೆಯವರೆಗೆ ಹೋಗುವುದಿಲ್ಲ. ಅದಕ್ಕೆ ಸಿಗುವ ನೀರು ಮನೆಯೊಳಗಿನದು.

ಹಾಗಾದರೆ ಅತ್ತೆಯ ಪ್ರಶ್ನೆಗೆ ಉತ್ತರ? ಟೇಪಿನ ಅಳತೆಯಲ್ಲೇ ಅದು ಇತ್ತು. ಬಕೆಟ್ಟು ಖಾಲಿ ಮಾಡಬೇಕು ಅಂದರೆ ನೀರು ಚೆಲ್ಲಬೇಕು ಅಂತಲ್ಲ, ಡ್ರಮ್ಮಿಗೆ ವಾಪಸು ಸುರಿಯಬೇಕು ಅಂತ. 200 ಲೀಟರಿನ ಡ್ರಮ್ಮು ಸುಮಾರು 90 ಸೆಂಟಿಮೀಟರು ಎತ್ತರ ಇರುತ್ತದೆ, ಮಗುವಿನ ನೆತ್ತಿಗಿಂತ ಮೇಲೆ. ಅದಕ್ಕೆ ಮೇಲೆ ಕಬ್ಬಿಣದ ಪಟ್ಟಿ ಹಾಕಿ ಬಿಗಿಯುವ ಮುಚ್ಚಳ ಬರುತ್ತದೆ. ಹಳೇ ಸಾಮಾನಿನ ಅಂಗಡಿಯಲ್ಲಿ ಡ್ರಮ್ಮು ಕೊಳ್ಳುವಾಗ ಮುಚ್ಚಳ ಕಳೆದುಹೋಗಿದೆ ಅಂತ ಕಡಿಮೆ ಬೆಲೆಗೆ ಕೊಡುತ್ತಾರೆ, ಅದನ್ನು ತರಬೇಡಿ. ಒಳಗೆ ಮೊದಲು ಏನು ತುಂಬಿದ್ದರು ಅಂತಲೂ ಕೇಳಿ, ರಾಸಾಯನಿಕದ ಡ್ರಮ್ಮಾದರೆ ಬೇಡವೇ ಬೇಡ. ನಾವು ಟಬ್ಬುಗಳನ್ನು ತೆಗೆದು ಇನ್ನೊಂದು ಡ್ರಮ್ಮು ತಂದೆವು. ಈಗ ನೀರೆಲ್ಲ ಎತ್ತರದಲ್ಲಿ, ಮುಚ್ಚಳದ ಕೆಳಗೆ. ಬಕೆಟ್ಟುಗಳು ಬಳಸುವಾಗ ಮಾತ್ರ ನೆಟ್ಟಗೆ, ಆಮೇಲೆ ಬೋರಲು. ಬೋರಲು ಹಾಕಿದ ಬಕೆಟ್ಟು ಮೆಟ್ಟಿಲಾಗುತ್ತದೆ, ಹಾಗಾಗಿ ಡ್ರಮ್ಮಿನ ಹತ್ತಿರ ಅವುಗಳನ್ನು ಇಡುವುದಿಲ್ಲ, ಹೊರಗೆ ಒಗೆಯುವ ಕಲ್ಲಿನ ಮೇಲೆ ಇಡುತ್ತೇವೆ. ಫಿಲ್ಟರಿನ ಉಪ್ಪುನೀರಿಗೆ ಬಾಯಿ ಸಣ್ಣದಿರುವ ಕ್ಯಾನು ಹಚ್ಚಿದ್ದೇವೆ. ಒಂದು ಹನಿಯೂ ವ್ಯರ್ಥವಾಗಿಲ್ಲ ಅನ್ನುವುದು ಅತ್ತೆಗೆ ಸಮಾಧಾನ, ಅದು ಸಣ್ಣ ಸಮಾಧಾನವಲ್ಲ.

ಎಷ್ಟೋ ಮನೆಗಳಲ್ಲಿ ಡ್ರಮ್ಮಿನ ಬಾಯಿಗೆ ಹಳೇ ಸೀರೆಯ ತುಂಡು ಕಟ್ಟಿರುತ್ತಾರೆ. ಡೆಂಗಿ ಹೆಚ್ಚಾದಾಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಲಾರ್ವಾ ಹುಡುಕಿ, ಮುಚ್ಚಿಡಿ, ವಾರಕ್ಕೊಮ್ಮೆ ತೊಳೆಯಿರಿ ಅಂತ ಹೇಳಿ ಹೋಗುತ್ತಾರಲ್ಲ, ಆ ಬಟ್ಟೆ ಅದಕ್ಕೆ ಕಟ್ಟಿದ್ದು. ಸೊಳ್ಳೆಗೆ ಬಟ್ಟೆ ಸಾಕು. ಮಗುವಿನ ಭಾರಕ್ಕೆ ಸಾಲದು. ಇನ್ನೂ ಕೆಟ್ಟದ್ದೆಂದರೆ, ಬಟ್ಟೆ ಕಟ್ಟಿದ ಬಾಯಿ ಮಗುವಿನ ಕಣ್ಣಿಗೆ ಹಾಸಿಗೆಯ ಹಾಗೆ ಗಟ್ಟಿಯಾಗಿ ಕಾಣುತ್ತದೆ. ಗಟ್ಟಿ ಮುಚ್ಚಳ ಎರಡೂ ಕೆಲಸ ಮಾಡುತ್ತದೆ. ಸಂಪಿನ ಮುಚ್ಚಳದ ಮಾತೂ ಇದೇ. ತುಕ್ಕು ಹಿಡಿದು ತೆಳುವಾದ ತಗಡಿನ ಮೇಲೆ ಮಕ್ಕಳು ಕುಣಿಯುವುದನ್ನು ನೋಡಿಯೂ ಸುಮ್ಮನಿರುವ ಮನೆಗಳಿವೆ. ಅದಕ್ಕೆ ಬೀಗ ಹಾಕುವ ಕೊಂಡಿ ಇರಲೇಬೇಕು, ನೀರು ಬಿಟ್ಟ ಹೊತ್ತಿನಲ್ಲಿ ತೆರೆದರೆ ತೆರೆದವರು ಅಲ್ಲಿಂದ ಕದಲಬಾರದು.

ದೊಡ್ಡಮ್ಮನ ಬಚ್ಚಲು

ಹಳೇ ಕಾಲದಲ್ಲಿ ಇದೆಲ್ಲ ಇತ್ತಾ ಅಂತ ಕೇಳುವವರಿಗೆ ನನ್ನ ದೊಡ್ಡಮ್ಮನ ಬಚ್ಚಲುಮನೆಯನ್ನು ತೋರಿಸಬೇಕು ಅನ್ನಿಸುತ್ತದೆ. ಶಿಡ್ಲಘಟ್ಟದ ಹತ್ತಿರದ ಹಳ್ಳಿ, ರೇಷ್ಮೆ ಸಾಕುವ ಮನೆ. ಬಚ್ಚಲು ಹಿತ್ತಿಲ ಕಡೆಗೆ. ಒಳಗೆ ತಾಮ್ರದ ಹಂಡೆಯನ್ನು ಗೋಡೆಗೆ ಸೇರಿಸಿ ಕಟ್ಟಿದ್ದರು. ಒಲೆಯ ಬಾಯಿ ಮಾತ್ರ ಹೊರಗೋಡೆಗೆ. ಹಿಪ್ಪುನೇರಳೆ ಸೊಪ್ಪು ಹುಳುವಿಗೆ, ಉಳಿದ ಕಡ್ಡಿ ಆ ಒಲೆಗೆ. ಬೆಂಕಿ ಉರಿಸುವವರು ಹಿತ್ತಿಲಲ್ಲಿ, ಮಕ್ಕಳು ಒಳಗೆ. ನೆಲಕ್ಕೆ ಉಳಿಯ ಗುರುತು ಬಿದ್ದ ಚಪ್ಪಡಿ ಕಲ್ಲು. ಎಷ್ಟು ಎಣ್ಣೆ ಬಿದ್ದರೂ ಕಾಲು ಹಿಡಿದು ನಿಲ್ಲುತ್ತಿತ್ತು.

ಆ ಬಚ್ಚಲೇನು ಅಪಾಯವಿಲ್ಲದ ಜಾಗವಾಗಿರಲಿಲ್ಲ. ಮೊಣಕಾಲೆತ್ತರದ ತೊಟ್ಟಿ ಬಾಯಿ ತೆರೆದುಕೊಂಡೇ ಇರುತ್ತಿತ್ತು. ಹುಳು ಮನೆ ತೊಳೆಯಲು ತಂದ ಬ್ಲೀಚಿಂಗ್ ಪುಡಿಯ ಚೀಲ ಅಲ್ಲೇ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಆದರೆ ಮಗುವಿನ ಸ್ನಾನ ಅಲ್ಲಿ ಒಬ್ಬರ ಕೆಲಸವಾಗಿತ್ತು, ಆ ಕೆಲಸಕ್ಕೆ ಕಟ್ಟುನಿಟ್ಟು ಇತ್ತು. ದೊಡ್ಡಮ್ಮ ಮಣೆಯ ಮೇಲೆ ಕೂತು ಕಾಲು ಚಾಚುವ ಮೊದಲು ಎಣ್ಣೆ, ಕಡಲೆಹಿಟ್ಟು, ಒಣಗಿದ ಹಳೇ ಪಂಚೆ, ಹದ ಮಾಡಿದ ನೀರು, ಎಲ್ಲವೂ ಕೈಗೆಟುಕುವ ಹಾಗೆ ಇರಬೇಕು. ನೀರನ್ನು ಮೊಣಕೈಯ ಒಳಭಾಗಕ್ಕೆ ಸುರಿದುಕೊಂಡು ನೋಡುತ್ತಿದ್ದರು, ಕೂತ ಮೇಲೆ ಏಳುತ್ತಿರಲಿಲ್ಲ. ಒಮ್ಮೆ ಗೂಡು ಕೊಳ್ಳುವ ಸಾಬರು ಬಂದು ಬಾಗಿಲಲ್ಲಿ ನಿಂತು ಕರೆದಿದ್ದು ನನಗೆ ನೆನಪಿದೆ. ಮಾರುಕಟ್ಟೆಯ ಹೊತ್ತು, ದುಡ್ಡಿನ ವಿಚಾರ. ದೊಡ್ಡಮ್ಮ ಕೂತಲ್ಲಿಂದಲೇ, “ಕೂಸು ಕೈಯಾಗೈತೆ ಕಣಪ್ಪ, ಕುಂತ್ಕೋ, ಮುಗಿಸ್ಕೊಂಡು ಬತ್ತೀನಿ” ಅಂದರು. ಅವರು ಜಗಲಿಯ ಮೇಲೆ ಕೂತರು. ಕಾಯಿಸಿದ್ದಕ್ಕೆ ಯಾರಿಗೂ ಬೇಸರವಾಗಲಿಲ್ಲ.

ಈಗ ನಮ್ಮಲ್ಲಿ ಆ ಕಟ್ಟುನಿಟ್ಟು ಸಡಿಲವಾಗಿರುವುದು ಫೋನಿನಿಂದ, ಕೊರಿಯರಿನ ಬೆಲ್ಲಿನಿಂದ, ಹಾಲು ಉಕ್ಕುವ ಸದ್ದಿನಿಂದ. ನಾನು ಮನೆಯಲ್ಲಿ ಎಲ್ಲರಿಗೂ ಒಂದೇ ನಿಯಮ ಹೇಳಿದ್ದೇನೆ. ಮಗುವಿಗೆ ನೀರು ಹಾಕುವಾಗ ಎದ್ದು ಹೋಗಲೇಬೇಕಾದರೆ ಮಗುವನ್ನು ಒದ್ದೆ ಮೈಯಲ್ಲೇ ಟವೆಲಿಗೆ ಸುತ್ತಿ ಎತ್ತಿಕೊಂಡು ಹೋಗಿ. ‘ಅಣ್ಣ ನೋಡ್ಕೋತಾನೆ’ ಅಂತ ಐದು ವರ್ಷದ ಮಗುವಿನ ಕೈಗೆ ಒಂದು ವರ್ಷದ ಮಗುವನ್ನು ಒಪ್ಪಿಸಿ ಬರುವುದು ನಮ್ಮ ಕಡೆ ಸಾಮಾನ್ಯ. ಅದು ದೊಡ್ಡ ಮಗುವಿಗೂ ಅನ್ಯಾಯ.

ಬಿಸಿನೀರು

ನಮ್ಮ ಜಿಲ್ಲೆಯಲ್ಲಿ ಮಳೆ ಕಡಿಮೆ, ಬಿಸಿಲು ಧಾರಾಳ. ಮನೆಮನೆಯ ಮೇಲೂ ಸೋಲಾರು. ಕರೆಂಟಿನ ಗೀಸರಿಗೆ ಉಷ್ಣಾಂಶ ಹಿಡಿತದಲ್ಲಿಡುವ ಥರ್ಮೋಸ್ಟ್ಯಾಟ್ ಇರುತ್ತದೆ, ಅದನ್ನು 50 ಡಿಗ್ರಿಯ ಒಳಗೆ ತಿರುಗಿಸಿಡಬಹುದು. ಸೋಲಾರಿಗೆ ಆ ಹಿಡಿತವಿಲ್ಲ. ಮಾರ್ಚ್, ಏಪ್ರಿಲ್ ಬಿಸಿಲಿಗೆ, ನೀರು ಬಳಸದೆ ಎರಡು ದಿನ ಊರಿಗೆ ಹೋಗಿ ಬಂದರೆ, ಟ್ಯಾಂಕಿನೊಳಗಿನ ನೀರು 70 ಡಿಗ್ರಿ ದಾಟಿರುತ್ತದೆ. 60 ಡಿಗ್ರಿಯ ನೀರು ಮಗುವಿನ ಚರ್ಮವನ್ನು ಆಳವಾಗಿ ಸುಡಲು ಕೆಲವೇ ಸೆಕೆಂಡು ಸಾಕು. ಅದೇ 49–50 ಡಿಗ್ರಿಗೆ ನಿಮಿಷಗಳು ಬೇಕು. ಸೋಲಾರಿನ ಇನ್ನೊಂದು ಗುಣವೆಂದರೆ ಪೈಪಿನೊಳಗೆ ನಿಂತ ತಣ್ಣೀರು ಮೊದಲು ಬರುತ್ತದೆ. ನಲ್ಲಿಯ ಕೆಳಗೆ ಕೈಯಿಟ್ಟು ಆಡುವ ಮಗುವಿಗೆ ಅದು ಬೆಚ್ಚಗಾಗಿ, ಇದ್ದಕ್ಕಿದ್ದಂತೆ ಕುದಿನೀರಾಗುತ್ತದೆ. ನೀರು ಉಳಿಸುವ ನಾವು ಆ ಮೊದಲಿನ ತಣ್ಣೀರನ್ನು ಬಕೆಟ್ಟಿಗೆ ಹಿಡಿದುಕೊಳ್ಳುತ್ತೇವೆ. ಆ ಅಭ್ಯಾಸ ಒಳ್ಳೆಯದು. ತಣ್ಣೀರು ಮೊದಲು ಬಕೆಟ್ಟಿಗೆ ಬಿದ್ದು ಬಿಸಿನೀರು ಆಮೇಲೆ ಸೇರಿದರೆ ಯಾವ ಗಳಿಗೆಯಲ್ಲೂ ಬಕೆಟ್ಟಿನಲ್ಲಿ ಬರೀ ಕುದಿನೀರು ಇರುವುದಿಲ್ಲ. ಪ್ಲಂಬರಿಗೆ ಹೇಳಿದರೆ ಬಿಸಿ ತಣ್ಣೀರನ್ನು ತಾನೇ ಹದ ಮಾಡುವ ಥರ್ಮೋಸ್ಟ್ಯಾಟಿಕ್ ಮಿಕ್ಸಿಂಗ್ ವಾಲ್ವನ್ನು ಸೋಲಾರಿನ ಪೈಪಿಗೆ ಹಾಕಿಕೊಡುತ್ತಾರೆ. ಅದಕ್ಕೆ ಖರ್ಚಿದೆ. ಖರ್ಚಿಲ್ಲದ್ದು ಬಿಸಿನೀರಿನ ನಲ್ಲಿಯ ಹಿಡಿ ಬಿಚ್ಚಿ ಎತ್ತರದ ಶೆಲ್ಫಿನಲ್ಲಿಡುವುದು. ನಾವು ಸದ್ಯಕ್ಕೆ ಮಾಡಿರುವುದು ಅದನ್ನೇ.

ಬಕೆಟ್ಟಿನೊಳಗೆ ಇಳಿಬಿಡುವ ಹೀಟರ್ ಕಾಯಿಲಿನ ಬಗ್ಗೆ ನನ್ನದು ಖಂಡಿತವಾದ ಮಾತು: ನಡೆಯುವ ಮಗು ಇರುವ ಮನೆಯಲ್ಲಿ ಅದು ಇರಬಾರದು. ನೀರು, ಕರೆಂಟು, ಸುಡುವ ಬಿಸಿ, ಮೂರನ್ನೂ ಮಗುವಿನ ಎತ್ತರಕ್ಕೆ ತಂದಿಡುವ ಸಾಮಾನು ಅದು. ಬೇರೆ ದಾರಿಯಿಲ್ಲದವರು ಅಟ್ಟದೆತ್ತರದ ಕಟ್ಟೆಯ ಮೇಲೆ, ಬಾಗಿಲು ಹಾಕಿಕೊಂಡು, ಪಕ್ಕದಲ್ಲೇ ನಿಂತು ಕಾಯಿಸಬೇಕು. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನಾಗಿ ಕಡಿಯುವ ಸ್ವಿಚ್ಚು) ಇದೆಯೇ ಅಂತ ಎಲೆಕ್ಟ್ರಿಷಿಯನ್ನರನ್ನು ಕರೆಸಿ ನೋಡಿ, ಅದರ ಟೆಸ್ಟ್ ಬಟನ್ನು ಒತ್ತಿದರೆ ಕರೆಂಟು ಕಡಿಯಬೇಕು. ಗ್ಯಾಸ್ ಗೀಸರು ಇದ್ದರೆ ಅದು ಬಾತ್‌ರೂಮಿನ ಹೊರಗಿರಬೇಕು. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಉರಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಗೊತ್ತಾಗುವ ಹೊತ್ತಿಗೆ ಕೈಕಾಲು ಆಡುವುದಿಲ್ಲ.

ಉಪ್ಪುನೀರಿನ ಬೆನ್ನಿಗೆ ಬರುವ ಆಸಿಡ್ಡು

ಬೋರಿನ ಗಡಸು ನೀರು ಬಿದ್ದ ಕಡೆಯೆಲ್ಲ ಬಿಳಿ ಪೊರೆ ಕಟ್ಟುತ್ತದೆ. ಟೈಲ್ಸು, ನಲ್ಲಿ, ಬಕೆಟ್ಟಿನ ಒಳಮೈ, ಮಗ್ಗಿನ ತಳ, ಯಾವುದೂ ಬಿಟ್ಟಿಲ್ಲ. ಸೋಪಿಗೆ ಹೋಗುವುದಿಲ್ಲ. ಹಾಗಾಗಿ ಆಸಿಡ್ಡು. ಸೈಕಲ್ಲಿನಲ್ಲೋ ತಳ್ಳುಗಾಡಿಯಲ್ಲೋ ಆಸಿಡ್, ಫಿನಾಯಿಲ್ ಅಂತ ಕೂಗಿಕೊಂಡು ಬಂದವರ ಹತ್ತಿರ ಕೊಂಡರೆ ಅದು ಹೆಚ್ಚಾಗಿ ಹಳೇ ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲೇ ಸಿಗುತ್ತದೆ. ಫಿನಾಯಿಲ್ಲು ಹಾಲಿನ ಬಣ್ಣ, ಆಸಿಡ್ಡು ಸ್ವಲ್ಪ ಹಳದಿ. ಎರಡೂ ಮಗುವಿಗೆ ಕುಡಿಯುವ ವಸ್ತುವಾಗಿಯೇ ಕಾಣುತ್ತವೆ. ಆಸಿಡ್ಡು ಒಂದು ಗುಟುಕು ಹೋದರೂ ಅನ್ನನಾಳ ಸುಟ್ಟು, ಮುಂದೆ ವರ್ಷಗಟ್ಟಲೆ ಊಟ ನುಂಗಲು ಕಷ್ಟವಾಗಬಹುದು. ನಮ್ಮ ಭಾಗದ ಬಾತ್‌ರೂಮುಗಳ ಬಗ್ಗೆ ಮಾತಾಡುವವರು ನೀರಿನಷ್ಟೇ ಇದನ್ನೂ ಮುಂದಿಟ್ಟು ಮಾತಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಬಿಳಿ ಪೊರೆಯಿಂದ ಯಾರಿಗೂ ಏನೂ ಆಗುವುದಿಲ್ಲ. ಟೈಲ್ಸು ಮಂಕಾಗಿದ್ದರೆ ಇರಲಿ. ಹುಣಸೆಹಣ್ಣು, ನಿಂಬೆ ಸಿಪ್ಪೆ, ವಿನೆಗರ್ ಹಚ್ಚಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಮುಕ್ಕಾಲು ಪಾಲು ಹೋಗುತ್ತದೆ. ಆಸಿಡ್ಡು ಇಡಲೇಬೇಕಾದರೆ ಬಾತ್‌ರೂಮಿನಲ್ಲಿ ಬೇಡ, ಬೀಗವಿರುವ ಕಪಾಟಿನಲ್ಲಿರಲಿ, ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ಮಾತ್ರ ಬೇಡ. ರೇಷ್ಮೆ ಸಾಕುವ ಮನೆಗಳಿಗೆ ಇನ್ನೊಂದು ಮಾತು. ಬ್ಲೀಚಿಂಗ್ ಪುಡಿಗೂ ಆಸಿಡ್ಡಿಗೂ ಒಂದೇ ಕೋಣೆಯಲ್ಲಿ ಜಾಗ ಕೊಡಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ದೊಡ್ಡವರಿಗೇ ಉಸಿರು ಕಟ್ಟುತ್ತದೆ.

ವಾಷ್ ಬೇಸಿನ್ನಿನ ಜಾಲರಿಯ ಮೇಲೆ ವಾಸನೆಗೆಂದು ಹಾಕುವ ನುಸಿಗುಳಿಗೆಯನ್ನು ನಾನು ಮನೆಯಿಂದಲೇ ಹೊರಗೆ ಹಾಕಿದೆ. ಬಿಳಿ, ಗುಂಡಗೆ, ಪೆಪ್ಪರಮೆಂಟಿನ ಗಾತ್ರ. ನುಂಗಿದರೆ ರಕ್ತದ ಕೆಂಪು ಕಣಗಳನ್ನೇ ಒಡೆಯಬಲ್ಲ ವಿಷ ಅದು. ಶೇವಿಂಗ್ ಬ್ಲೇಡು, ಮಾವನ ಮಾತ್ರೆ, ಶಾಂಪೂ ಸ್ಯಾಷೆ ಎಲ್ಲ ಕನ್ನಡಿಯ ಮೇಲಿನ ಶೆಲ್ಫಿಗೆ ಹೋಗಿವೆ. ನೆಲದ ವಿಚಾರ ಹೆಚ್ಚೇನಿಲ್ಲ. ಹೊಳೆಯುವ ಟೈಲ್ಸು ಹಾಕಿಸಿದ್ದಾಗಿದೆ, ಕೀಳಿಸಲು ದುಡ್ಡಿಲ್ಲ. ಕೆಳಗೆ ಹೀರಿ ಹಿಡಿದುಕೊಳ್ಳುವ ರಬ್ಬರ್ ಮ್ಯಾಟು ಹಾಕಿ, ಎಣ್ಣೆ ಸ್ನಾನದ ದಿನ ಸೀಗೆಪುಡಿ ಉದುರಿಸಿ ಉಜ್ಜಿ ತೊಳೆಯುತ್ತೇವೆ. ಹೊಸದಾಗಿ ಮನೆ ಕಟ್ಟುವವರು ಮಾತ್ರ ಅಂಗಡಿಯಲ್ಲಿ ಟೈಲ್ಸಿನ ಮೇಲೆ ನೀರು ಸುರಿಸಿ, ಬರಿಗಾಲಲ್ಲಿ ನಿಂತು ನೋಡಿ ಕೊಳ್ಳಲಿ.

ಚಿಲಕದ ಎತ್ತರ

ಮನೆಯೊಳಗೆ ಹೆಚ್ಚು ಚರ್ಚೆಯಾದದ್ದು ಈ ವಿಷಯ. ಬಾತ್‌ರೂಮಿನ ಬಾಗಿಲು ಯಾವಾಗಲೂ ಹೊರಗಿನಿಂದ ಹಾಕಿರಬೇಕು, ಮಗುವಿಗೆ ಎಟುಕದ ಹಾಗೆ ಮೇಲೆ ಹಾಕಬೇಕು ಅಂತ ನಾನು ಹೇಳಿದೆ. ಮಾವನಿಗೆ ರಾತ್ರಿ ಎರಡು ಮೂರು ಸಲ ಎದ್ದು ಹೋಗಬೇಕು. ಸಕ್ಕರೆ ಕಾಯಿಲೆ, ಬಲಗೈ ತೋಳು ಪೂರ್ತಿ ಮೇಲೆ ಏಳುವುದಿಲ್ಲ. “ನನ್ನಿಂದ ಆಗಲ್ಲಮ್ಮ, ಕತ್ತಲಲ್ಲಿ ತಡಕಾಡಬೇಕಾಗುತ್ತೆ” ಅಂದರು. ಮಗುವಿಗೆ ಕ್ಷೇಮವಾಗಲಿ ಅಂತ ಹಿರಿಯರೊಬ್ಬರು ರಾತ್ರಿ ಬಾಗಿಲ ಮುಂದೆ ಪರದಾಡುವ ಹಾಗೆ ಮಾಡುವುದು ನನಗೂ ಬೇಡವಾಗಿತ್ತು. ಕೆಲಸಕ್ಕೆ ಬಂದ ಆಚಾರ್ರು ಮಾವನನ್ನೇ ಬಾಗಿಲ ಮುಂದೆ ನಿಲ್ಲಿಸಿ, “ಸ್ವಾಮಿ, ಕೈ ಎತ್ತಿ, ನೋವಾಗೋಕೆ ಮುಂಚೆ ನಿಲ್ಲಿಸಿ” ಅಂದರು. ಕೈ ನಿಂತಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದರು. ಸುಮಾರು ನಾಲ್ಕು ಅಡಿ. ಆಮೇಲೆ ಮಗುವನ್ನು ಕರೆಸಿ, ಮಣೆಯ ಮೇಲೆ ನಿಲ್ಲಿಸಿ ಕೈ ಎತ್ತಿಸಿದರು. ಗೆರೆಗೆ ಇನ್ನೂ ಅಂತರವಿತ್ತು. ಚಿಲಕ ಅಲ್ಲೇ ಕೂತಿತು. ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಹಾಗೆ ಸ್ಪ್ರಿಂಗಿನ ಹಿಂಜಸ್ಸು ಹಾಕಿದರು. ಹಜಾರದಲ್ಲಿ ರಾತ್ರಿಯಿಡೀ ಸಣ್ಣ ದೀಪ. ಮಗ ಬೆಳೆದಂತೆ ಈ ಎತ್ತರ ಸಾಲದಾಗುತ್ತದೆ, ಅಷ್ಟು ಹೊತ್ತಿಗೆ ಅವನಿಗೆ ಹೇಳಿದ್ದು ಅರ್ಥವೂ ಆಗುತ್ತದೆ.

ಒಳಗಿನ ಕೆಳ ಚಿಲಕವನ್ನು ತೆಗೆಸಿಬಿಟ್ಟೆವು. ಎರಡು ವರ್ಷದ ಮಕ್ಕಳು ಒಳಗೆ ಹೋಗಿ ಹಾಕಿಕೊಳ್ಳುತ್ತಾರೆ, ತೆಗೆಯಲು ಬರುವುದಿಲ್ಲ. ದೊಡ್ಡವರಿಗೆ ಮೇಲಿನದೊಂದು ಸಾಕು.

ಆಗಬಾರದ್ದು ಆದಾಗ

ನೀರಿಗೆ ಬಿದ್ದ ಮಗುವನ್ನು ಎತ್ತಿದ ಕೂಡಲೇ ನಮ್ಮ ಕಡೆ ಮಾಡುವುದು ಎರಡು: ತಲೆಕೆಳಗೆ ಹಿಡಿದು ಅಲ್ಲಾಡಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು. ಎರಡೂ ಬೇಡ. ಹೊತ್ತು ಹಾಳಾಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರಿಲ್ಲದಿದ್ದರೆ ಗದ್ದ ಮೇಲಕ್ಕೆತ್ತಿ, ಮೂಗು ಹಿಡಿದು, ಎದೆ ಏಳುವಷ್ಟು ಉಸಿರನ್ನು ಬಾಯಿಯಿಂದ ಎರಡು ಸಲ ಊದಿ. ಒಂದು ವರ್ಷದೊಳಗಿನ ಕೂಸಾದರೆ ಮೂಗು ಬಾಯಿ ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಊದಬೇಕು. ಆಮೇಲೆ ಎದೆಯ ನಡುವೆ ಒಂದು ಅಂಗೈಯಿಂದ, ಕೂಸಿಗಾದರೆ ಎದೆಯನ್ನು ಎರಡೂ ಕೈಯಿಂದ ಬಳಸಿ ಹಿಡಿದು ಎರಡು ಹೆಬ್ಬೆರಳಿನಿಂದ, ಎದೆಯ ದಪ್ಪದ ಮೂರನೇ ಒಂದು ಭಾಗ ಕುಗ್ಗುವಷ್ಟು, ಬೇಗಬೇಗ 30 ಸಲ ಒತ್ತಿ. ಮತ್ತೆ ಎರಡು ಉಸಿರು, ಮತ್ತೆ 30. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಕರೆ ಮಾಡಲಿ. ಮಗು ಅತ್ತು ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು, ತೊಂದರೆ ಕೆಲವು ಗಂಟೆಗಳ ನಂತರವೂ ಬರಬಹುದು. ಓದಿ ಕಲಿಯುವ ಕೆಲಸ ಇದಲ್ಲ. ಪ್ರಥಮ ಚಿಕಿತ್ಸೆಯ ತರಬೇತಿ ಸಿಕ್ಕಿದ ಕಡೆ ಮನೆಯಲ್ಲಿ ಒಬ್ಬರಾದರೂ ಹೋಗಿ, ಗೊಂಬೆಯ ಮೇಲೆ ಒತ್ತಿ ನೋಡಿ ಬನ್ನಿ. ಅಜ್ಜಿಯರನ್ನೂ ಕಳಿಸಿ, ಹಗಲೆಲ್ಲ ಮಗುವಿನ ಜೊತೆ ಇರುವವರು ಅವರು.

ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿ. ಇಂಕು, ಪೇಸ್ಟು, ಅರಿಶಿನ, ಐಸು ಯಾವುದೂ ಬೇಡ. ವಾರ ಬಿಟ್ಟು ವಾರ ನೀರು ಬರುವ ಊರಿನಲ್ಲೂ ಆ 20 ನಿಮಿಷಕ್ಕೆ ಲೆಕ್ಕ ಹಾಕಬೇಡಿ, ಕೆಳಗೆ ಟಬ್ಬಿಟ್ಟು ಹಿಡಿದುಕೊಂಡರಾಯಿತು. ಆಸಿಡ್ಡು ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೆ ಸುಡುತ್ತದೆ. ಬಾಯಿ ಒರೆಸಿ, ಬಾಟಲಿಯನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ 108ರ ಕೆಳಗೆ ಅದನ್ನು ಬರೆದು ಅಂಟಿಸಿದ್ದೇವೆ.

ಇನ್ನು ಬಾಡಿಗೆ ಮನೆಗಳ ಮಾತು. ಬಾಗಿಲಿಗೆ ಮೊಳೆ ಹೊಡೆದರೆ ಓನರು ಏನಂತಾರೋ ಅಂತ ಹಿಂಜರಿದು ಎಷ್ಟೋ ಜನ ಚಿಲಕದ ವಿಚಾರವನ್ನೇ ಬಿಟ್ಟಿರುತ್ತಾರೆ. ನಮ್ಮ ಮಹಡಿಯ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ದಂಪತಿಗೆ ಒಂದು ವರ್ಷದ ಮಗಳಿದ್ದಾಳೆ, ಈಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿದ್ದಾಳೆ. ಅವರೂ ಕೇಳಿರಲಿಲ್ಲ. ಓನರು ನಾವೇ ಆದ್ದರಿಂದ ಕೇಳುವವರೆಗೆ ಕಾಯುವುದು ಬೇಡ ಅಂತ ಮಾವನೇ ಆಚಾರ್ರಿಗೆ ಫೋನು ಮಾಡಿದರು. ಭಾನುವಾರ ಬರುತ್ತಾರೆ. ಮೇಲಿನ ಬಾಗಿಲಿಗೆ ನಾಲ್ಕೂವರೆ ಅಡಿ ಸಾಕು, ಅಲ್ಲಿ ಎಲ್ಲರ ಕೈಯೂ ಏಳುತ್ತದೆ. ಅವರ ಡ್ರಮ್ಮಿಗೆ ಮುಚ್ಚಳವಿದೆ, ಬಿಗಿಯುವ ಪಟ್ಟಿ ಇಲ್ಲ, ಅದನ್ನು ಶನಿವಾರದೊಳಗೆ ನಾನು ಹುಡುಕಿ ತರಬೇಕು.